ಮೂರನೇ ಸಲ ಕರೆದಾಗ

ಖಾಲಿದಿಯಾ, ಅಬುಧಾಬಿ
21 ಫೆಬ್ರವರಿ 2014, ಶುಕ್ರವಾರ

ಪ್ರೀತಿಯ ಅತ್ತೆಗೆ,

ಹರಿಣಾಕ್ಷಿಯ ನಮಸ್ಕಾರಗಳು. ಮೊಣಕಾಲು ನೋವು ಹೇಗಿದೆ? ಅಶ್ಮಿತಾಳ ಫ್ಲ್ಯಾಟಿನಲ್ಲಿ ಲಿಫ್ಟ್ ಇದ್ದರೂ ನೀವು ಮೆಟ್ಟಿಲು ಹತ್ತಿಯೇ ಹೋಗುತ್ತೀರಂತೆ. ಕಿವಿಯ ಮಿಶನ್ನನ್ನು ಬಂಗಾರದ ಹಾಗೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೀರೆಂದು ನಿಮ್ಮ ಮಗಳು ದೂರು ಬೇರೆ ಹೇಳಿದಳು. ಅದನ್ನು ಹಾಕಿಕೊಳ್ಳುತ್ತಿದ್ದರೆ ನಾನು ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ಇರಲಿ, ಈ ಸುದ್ದಿಯನ್ನು ಫೋನಿನಲ್ಲಿ ಕಿರುಚಿ ಹೇಳಲು ನನ್ನಿಂದ ಆಗುತ್ತಲೂ ಇರಲಿಲ್ಲ. ನಾವು ಮಾತಾಡುವುದು ತುಳುವಾದರೂ ಕಾಗದ ಹಿಡಿದರೆ ಕೈಗೆ ಬರುವುದು ಕನ್ನಡವೇ, ಹಾಗಾಗಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಸಮೀಕ್ಷಾಳನ್ನು ಪರೀಕ್ಷೆ ಮುಗಿದ ಕೂಡಲೇ ಅಲ್ಲಿಗೆ ಕಳಿಸು, ಕ್ಲಿನಿಕ್ಕಿನ ಕೆಲಸದ ಜೊತೆ ಒಬ್ಬಳೇ ಹೇಗೆ ಸಾಕುತ್ತೀ, ಉಡುಪಿಯಲ್ಲೇ ಶಾಲೆಗೆ ಸೇರಿಸೋಣ ಎಂದು ನೀವು ಹೇಳಿ ಕಳಿಸಿದ್ದಿರಿ. ನಾನು ಹೂಂ ಅಂದಿದ್ದೆ, ಟಿಕೆಟ್ ಕೂಡ ಮಾಡಿಸಿದ್ದೆ. ಹೂಂ ಅಂದದ್ದು ಕೆಲಸದ ಕಷ್ಟಕ್ಕಲ್ಲ ಅತ್ತೆ. ಈ ಮನೆಯಲ್ಲಿ ಮಗುವನ್ನು ಇಟ್ಟುಕೊಳ್ಳಲು ಹೆದರಿಕೆಯಾಗಿತ್ತು.

ನಿಮ್ಮ ಮಗ ಕಳೆದ ಆಟಿ ತಿಂಗಳಲ್ಲಿ ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ ಕುಸಿದು ಬಿದ್ದು ತೀರಿಕೊಂಡ ಮೇಲೆ ಮನೆಯ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ಜನವರಿಯಲ್ಲಿ ಸಮೀಕ್ಷಾಳಿಗೆ ಶಾಲೆಯ ಪ್ರಾಜೆಕ್ಟ್ ಬಂತು, ತೆರೆದೆವು. ಒಂದೇ ಕಂಪ್ಯೂಟರಿನಲ್ಲಿ ಅವರಿಗೊಂದು ಖಾತೆ, ನನಗೊಂದು ಖಾತೆ. ಒಬ್ಬರದ್ದನ್ನು ಮುಚ್ಚಿ ಇನ್ನೊಬ್ಬರದ್ದನ್ನು ತೆರೆಯಬೇಕು, ಅದಕ್ಕೆ ಲಾಗ್ ಆಫ್ ಅನ್ನುತ್ತಾರೆ. ಮಗಳ ಆಟ, ಪಾಠ ಎಲ್ಲ ಇದ್ದದ್ದು ಅಪ್ಪನ ಖಾತೆಯಲ್ಲೇ. ಕೆಲಸ ಮಾಡುವಷ್ಟು ಹೊತ್ತು ಏನೂ ತೊಂದರೆಯಿಲ್ಲ. ಲಾಗ್ ಆಫ್ ಒತ್ತಿದ್ದೇ ತಡ, ಕಂಪ್ಯೂಟರಿನೊಳಗಿಂದ ನಿಮ್ಮ ಮಗನ ದನಿ ಬಂತು. 'ಸಮೀ, ಸಾಕು' ಅಂದಿತು. ಕೊನೆಯ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಮತ್ತೆ ಮತ್ತೆ ಅದನ್ನೇ ಅಂದು, ಪರದೆ ಪೂರ್ತಿ ನೀಲಿಯಾಗಿ, ಎಲ್ಲ ಆರಿಹೋಯಿತು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅವರು ಆಫೀಸಿನಲ್ಲಿ ಬಿದ್ದಾಗ ಯಾರೂ ಪಕ್ಕದಲ್ಲಿರಲಿಲ್ಲ ಅತ್ತೆ. ಆ ಸಿಕ್ಕಿಕೊಂಡ ದನಿಯನ್ನು ಕೇಳಿದಾಗ ನನಗೆ ಬೇರೇನೂ ನೆನಪಾಗಲಿಲ್ಲ.

ಸಮೀಕ್ಷಾ ಹೆದರಲಿಲ್ಲ. ತಾನು ಆಟ ಬಿಟ್ಟು ಏಳುವುದಿಲ್ಲವೆಂದು ಪಪ್ಪನೇ ಲಾಗ್ ಆಫ್ ಮಾಡುವಾಗ ಕೇಳಿಸುವಂತೆ ತಮಾಷೆಗೆ ರೆಕಾರ್ಡ್ ಮಾಡಿ ಇಟ್ಟಿದ್ದರು ಅಂದಳು. ಆಮೇಲೆ ಏನು ಹೇಳುತ್ತಾರೆ ಎಂದು ಕೇಳಿದರೆ ಮುಖ ಸಣ್ಣದು ಮಾಡಿದಳು. 'ಐ ಡೋಂಟ್ ನೋ ಅಮ್ಮಾ, ನಾನು ಯಾವಾಗಲೂ ಮ್ಯೂಟ್ ಮಾಡ್ತಿದ್ದೆ.' ಅಡುಗೆಮನೆಯ ಫ್ಯಾನಿನ ಸದ್ದಿನಲ್ಲಿ ನಾನಂತೂ ಒಮ್ಮೆಯೂ ಕೇಳಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಮೂರ್ಸಂಜೆಗೆ, ನಾನು ದೀಪ ಹಚ್ಚುವ ಹೊತ್ತಿಗೆ, ಆ ಕೋಣೆಯಿಂದ 'ಸಮೀ, ಸಾಕು', ಮತ್ತೆ ಆ ಉಸಿರು ಕಟ್ಟಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಆಮೇಲೆ ಮತ್ತೊಮ್ಮೆ. ಒಂದು ಸಂಜೆ ಬಾಗಿಲ ಹಿಂದೆ ನಿಂತು ನೋಡಿದೆ. ಕಂಪ್ಯೂಟರ್ ಆರಿದಾಗಲೆಲ್ಲ ಮತ್ತೆ ತೆರೆದು, ಲಾಗ್ ಆಫ್ ಒತ್ತಿ, ಕೈಕಟ್ಟಿ ಕೂರುತ್ತಾಳೆ. ಮೂರನೇ ಸಲ ದನಿ ಬಂದಾಗ ಕತ್ತಲಾದ ಪರದೆಗೆ ಮೆಲ್ಲನೆ 'ಹಾಂ ಪಪ್ಪಾ' ಅಂದಳು. ನಾನು ಒಳಗೆ ಹೋದೆ. ಕೇಳಿದರೆ, 'ಅಜ್ಜಿ ಹೇಳಿದ್ದಲ್ವಾ, ಕತ್ತಲಾಗುವಾಗ ಯಾರಾದರೂ ಕರೆದರೆ ಒಂದು, ಎರಡು ಸಲಕ್ಕೆ ಓಗೊಡಬಾರದು, ಸತ್ತವರ ಕುಲೆ ಆಗಿರಬಹುದು. ಮೂರನೇ ಸಲವೂ ಕರೆದರೆ ನಮ್ಮವರೇ' ಅಂದಳು. ರಜೆಯಲ್ಲಿ ಅವಳಿಗೆ ಸತ್ತವರ ಕಥೆಯೆಲ್ಲ ಹೇಳಬೇಡಿ ಎಂದು ನಾನು ಬೇಡಿಕೊಂಡಿದ್ದೆ, ನೀವು ಕೇಳಬೇಕಲ್ಲ! ಮರುದಿನವೇ ಟಿಕೆಟ್ ಮಾಡಿಸಿದೆ.

ಕಂಪ್ಯೂಟರ್ ಅಂಗಡಿಯ ಅಬ್ಬಾಸ್‌ನನ್ನು ಕರೆಸಿದೆ. ನಮ್ಮ ಬಂಟ್ವಾಳದ ಕಡೆಯವನು. ಮೊದಲು ವೈರಸ್ ಅಂದ, ತೆಗೆದ, ಸರಿಯಾಗಲಿಲ್ಲ. ಆಮೇಲೆ ಮೆಮೊರಿ ಬದಲಾಯಿಸಿದ, ಅದೂ ಇಲ್ಲ. ನನ್ನ ಖಾತೆ ಸುಮ್ಮನೆ ಮುಚ್ಚುತ್ತದೆ, ಅವರದ್ದನ್ನು ಮುಚ್ಚಿದರೆ ಮಾತ್ರ ಅದೇ ಕಥೆ. ಹೀಗೆ ಆರುತ್ತಲೇ ಇದ್ದರೆ ಒಳಗಿದ್ದ ಫೋಟೊಗಳೆಲ್ಲ ಹೋಗುತ್ತವೆ ಎಂದು ಹೆದರಿಸಿದ. 'ಅಕ್ಕಾ, ಲತೇಶಣ್ಣನ ಅಕೌಂಟ್ ಖಲಾಸ್ ಮಾಡುವ, ಮತ್ತೆ ಕಿರಿಕಿರಿಯೇ ಇಲ್ಲ' ಅಂದ. ನಾನು ಆಗಲಿ ಅನ್ನುವವಳಿದ್ದೆ. ಸಮೀಕ್ಷಾ ಓಡಿ ಬಂದು ಕೀಬೋರ್ಡಿನ ಮೇಲೆ ಕವುಚಿ ಬಿದ್ದು ಅತ್ತಳು. ಪಪ್ಪ ಹೋದಾಗಲೂ ಹಾಗೆ ಅತ್ತವಳಲ್ಲ. ಅವಳನ್ನು ಎಬ್ಬಿಸಲು ನನ್ನಿಂದಾಗಲಿಲ್ಲ.

ಅಬ್ಬಾಸ್ ಪಾಪ, ತಲೆ ಕೆರೆದುಕೊಂಡು ಮತ್ತೆ ಕೂತ. ಆ ದನಿಯನ್ನು ತೆಗೆದಿಟ್ಟು ಲಾಗ್ ಆಫ್ ಮಾಡಿ ನೋಡಿದ, ಆರಲಿಲ್ಲ! ತಿಂಗಳುಗಟ್ಟಲೆ ಮುಚ್ಚಿಟ್ಟದ್ದನ್ನು ತೆರೆದಾಗ ಅದು ತಾನಾಗಿಯೇ ಯಾವುದೋ ಹೊಸ ಸಾಫ್ಟ್‌ವೇರ್ ಹಾಕಿಕೊಂಡಿತ್ತಂತೆ. ಅದು ಹಳೆಯ ಸೌಂಡ್ ಕಾರ್ಡಿಗೆ ಹೊಂದದೆ, ಮುಚ್ಚುವಾಗ ದನಿ ಬಂದ ಕೂಡಲೇ ಎಲ್ಲವೂ ಕುಸಿಯುತ್ತಿತ್ತಂತೆ. ಹೊಸದನ್ನು ತೆಗೆದು ಹಳೆಯದನ್ನೇ ಹಾಕಿದ, ದನಿಯನ್ನೂ ಇದ್ದಲ್ಲಿಗೇ ಸೇರಿಸಿದ. ಇವತ್ತು ಸಂಜೆ ಸಮೀಕ್ಷಾ ಒತ್ತಿದಳು. ಈಗ ಕಂಪ್ಯೂಟರ್ ಸರಿಯಿದೆ. ಭಯ ಮಾತ್ರ ಪೂರ್ತಿ ಹೋಗಿಲ್ಲ, ಇವತ್ತು ದೀಪ ಹಚ್ಚುವಾಗಲೂ ಕಿವಿ ಆ ಕೋಣೆಯ ಕಡೆಗೇ ಇತ್ತು.

ಮಾತ್ರೆ ಬಿಡಬೇಡಿ. ಅಶ್ಮಿತಾಳಿಗೂ ಮಕ್ಕಳಿಗೂ ನೆನಪು ಹೇಳಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ಸೊಸೆ,
ಹರಿಣಾಕ್ಷಿ

ಮರೆತಿದ್ದೆ: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅವರು ಪೂರ್ತಿ ಹೇಳಿದ್ದು ಇಷ್ಟೇ: 'ಸಮೀ, ಸಾಕು. ಒಳಗೆ ಅಮ್ಮ ಒಬ್ಬಳೇ ಇದ್ದಾಳೆ, ಹೋಗು.' ಈ ಸಲ ಅವಳು ಮೂರನೇ ಕರೆಗೆ ಕಾಯಲಿಲ್ಲ. ಎದ್ದು ಅಡುಗೆಮನೆಗೆ ಬಂದು ನನ್ನ ಸೊಂಟ ಹಿಡಿದು ನಿಂತಳು. ಅವಳನ್ನು ಕಳಿಸುವುದಿಲ್ಲ ಅತ್ತೆ, ಸಿಟ್ಟು ಮಾಡಬೇಡಿ. ರಜೆಗೆ ಇಬ್ಬರೂ ಒಟ್ಟಿಗೆ ಬರುತ್ತೇವೆ, ಒಟ್ಟಿಗೇ ಹಿಂತಿರುಗುತ್ತೇವೆ. ಬರುವಾಗ ನಿಮ್ಮ ಮಗನ ದನಿಯನ್ನು ಮೊಬೈಲಿನಲ್ಲಿ ತರುತ್ತೇನೆ. ಅವತ್ತೊಂದು ದಿನವಾದರೂ ಕಿವಿಗೆ ಮಿಶನ್ ಹಾಕಿಕೊಂಡಿರಿ.