ಕಂಪ್ಯೂಟರ್ ಆಡಿದ ನಿಮ್ಮ ಇಂಗ್ಲಿಷ್

ಜಯನಗರ, ೨೦೦೭

ಅಪ್ಪಾ,

ನೀವು ತೀರಿಹೋಗಿ ವರ್ಷವಾದ ಮೇಲೆ ಪತ್ರ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಹಾಸ್ಟೆಲಿನಲ್ಲಿ ಇದನ್ನು ಯಾರಿಗೂ ಹೇಳಲಾರೆ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರೇ ಇಂಗ್ಲಿಷ್ ಓದುತ್ತದೆ. ಬ್ರಿಟಿಷರ ಹಾಗೆ, ಅಮೆರಿಕದವರ ಹಾಗೆ ಓದಿದ್ದನ್ನು ಕೇಳಿ ನಾವು ಅರ್ಥ ಮಾಡಿಕೊಳ್ಳಬೇಕು. ಇವತ್ತು ವಾರಿಜಾ ಮೇಡಂ, ನಮಗೆ ಬೇಕಾದ್ದನ್ನು ಟೈಪ್ ಮಾಡಿ ಕೇಳಿಸಿಕೊಳ್ಳಲು ಹೇಳಿದರು. ನೀವು ಊರ ಶಾಲೆಯಲ್ಲಿ ಪಾಠಕ್ಕೆ ಮೊದಲು ಹೇಳುತ್ತಿದ್ದ ಮಾತನ್ನು ಟೈಪ್ ಹೊಡೆದೆ. ಸ್ಪೆಲ್ಲಿಂಗ್ ಸರಿಯಿದ್ದಾಗ ನಿಮ್ಮ ಹಾಗೆ ಕೇಳಿಸಲಿಲ್ಲ. ಬೇಕೆಂದೇ, ನಿಮ್ಮ ಬಾಯಲ್ಲಿ ಬರುತ್ತಿದ್ದ ಹಾಗೆಯೇ ತಪ್ಪು ಬರೆದೆ: ‘ಇಸ್ಟೂಡೆಂಟ್ಸ್, ಯೆವ್ರಿಬಡಿ ಇಸ್ಟ್ಯಾಂಡಪ್.’ ಥೇಟ್ ನೀವೇ! ಇನ್ನೊಮ್ಮೆ ಕೇಳುವಷ್ಟರಲ್ಲಿ ಮೇಡಂ ಅದನ್ನು ಸ್ಪೀಕರಿಗೆ ಹಾಕಿಬಿಟ್ಟರು.

“ಯಾವೂರ್ ಮೇಷ್ಟ್ರು ಗುರು ಇದು!” ಎಂದ ವಿಶ್ರುತ್. ಇಡೀ ಕ್ಲಾಸು ನಕ್ಕಿತು.

“ನಗ್ಬೇಡ್ರೋ, ಇದೂ ಕಿವಿಗೆ ಅಭ್ಯಾಸ ಆಗ್ಬೇಕು. ಪಾಠಕ್ಕೆ ಸೇರಿಸ್ತೀನಿ,” ಎಂದ ಮೇಡಂ ನನ್ನತ್ತ ತಿರುಗಿದರು. “ನೀಲಾಂಬಿಕಾ, ಹೀಗ್ ಮಾತಾಡೋದು ಯಾರಮ್ಮ?”

“ಯಾರೂ ಇಲ್ಲ ಮೇಡಂ, ಸುಮ್ನೆ ತಮಾಷೆಗೆ,” ಎಂದೆ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಆ ಕಂಪ್ಯೂಟರಿನಲ್ಲಿ ಒಂದೊಂದು ದನಿಗೂ ಒಬ್ಬೊಬ್ಬರ ಹೆಸರಿದೆ. ಪಾಠಕ್ಕೆ ಸೇರಿಸುವ ಈ ದನಿಗೂ ಒಂದು ಹೆಸರನ್ನು ಸೋಮವಾರ ನಾನೇ ಹೇಳಬೇಕಂತೆ. ನಿಮ್ಮ ಹೆಸರನ್ನೇ, ಬಸವಂತ ಮಾಸ್ತರ ಎಂದು ಬರೆಸಲೇ, ಅಪ್ಪಾ? ದಯವಿಟ್ಟು ಬೇಗ ಉತ್ತರ ಬರೆಯಿರಿ.