ಅಂತರಸಂತೆಯ ಮೈಕಿನಲ್ಲಿ ನಿನ್ನ ಮಾತು

ಹುಣಸೂರು
18 ನವೆಂಬರ್ 2025

ಶಾಂತಲಾ,

ನೀನು ತವರಿಗೆ ಹೋಗಿ ಹನ್ನೊಂದು ತಿಂಗಳಾಯಿತು. ಇಷ್ಟು ದಿನದ ಮೇಲೆ ಏನೆಂದು ಕರೆಯಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಕೋಪ ಬಂದರೂ ಕೊನೆತನಕ ಓದು.

ಮೊದಲು ನಮ್ಮ ನವಿಲುಗರಿ ಮೆಲೋಡೀಸ್ ಆರ್ಕೆಸ್ಟ್ರಾ ಸುದ್ದಿ. ಈ ಭಾನುವಾರ ಪಿರಿಯಾಪಟ್ಟಣದಲ್ಲಿ ಆಟೋದವರ ರಾಜ್ಯೋತ್ಸವ. 29ಕ್ಕೆ ಗಾವಡಗೆರೆಯ ಹಾಲಿನ ಡೈರಿಯವರದು, ಮಾರನೆಯ ದಿನ ಎಚ್.ಡಿ. ಕೋಟೆ. ಡಿಸೆಂಬರ್ 7ಕ್ಕೆ ನಿಮ್ಮ ಕೆ.ಆರ್. ನಗರದಲ್ಲೇ ಒಂದು ಆರತಕ್ಷತೆ. ಕೀಬೋರ್ಡಿಗೆ ಈಗಲೂ ಚೆಲುವರಾಜೇ, ರಿದಂ ಪ್ಯಾಡಿಗೆ ನಾನೇ. ನಿನ್ನ ಜಾಗಕ್ಕೆ ರೂಪಶ್ರೀ ಎಂಬ ಹುಡುಗಿ ಬಂದಿದ್ದಾಳೆ. ಬೈಲಕುಪ್ಪೆ ಕಡೆಯವಳು, ನರ್ಸಿಂಗ್ ಓದುತ್ತಿದ್ದಾಳೆ.

ನಿನ್ನ ಜಾಗಕ್ಕೆ ಬಂದಿದ್ದಾಳೆ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಹೋದ ವರ್ಷ ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ನೀನು ಹಾಡಿದ್ದೆಲ್ಲ ನನ್ನ ಹತ್ತಿರ ರೆಕಾರ್ಡ್ ಆಗಿತ್ತು. ಜನ ಹೋದಲ್ಲೆಲ್ಲ ನಿನ್ನನ್ನೇ ಕೇಳುತ್ತಿದ್ದರು. ಅದಕ್ಕೆ ಆ ರೆಕಾರ್ಡ್ ಹಾಕಿ, ರೂಪಶ್ರೀ ಕೈಗೆ ಆಫ್ ಮಾಡಿದ ಮೈಕ್ ಕೊಟ್ಟು, ಬಾಯಾಡಿಸು ಎಂದೆ. ಅವಳಿಗೆ ಇಷ್ಟವಿರಲಿಲ್ಲ. ನಿನ್ನನ್ನಂತೂ ಕೇಳಲೇ ಇಲ್ಲ. ಏಳು ಕಾರ್ಯಕ್ರಮ ಹೀಗೇ ನಡೆದವು.

ಒಂಬತ್ತನೇ ತಾರೀಖು ಅಂತರಸಂತೆಯ ಶಾಲೆ ಮೈದಾನ. ಇನ್ನೂ ಹೊತ್ತು ಮುಳುಗಿರಲಿಲ್ಲ. ಮೂರನೇ ಹಾಡಿಗೆ ಚೆಲುವರಾಜು ಅದೇ ಹಾಡಿನ ಬೇರೆ ಯಾವುದೋ ರೆಕಾರ್ಡ್ ಒತ್ತಿಬಿಟ್ಟ. ಅದರಲ್ಲಿ ಎರಡನೇ ಚರಣದ ನಡುವೆ ನೀನು ಹಾಡು ನಿಲ್ಲಿಸಿದೆ. ರೂಪಶ್ರೀ ತುಟಿ ಇನ್ನೂ ಆಡುತ್ತಿತ್ತು. ಸ್ಪೀಕರಿನಿಂದ ನಿನ್ನ ಮಾತು ಬಂತು: "ರೀ, ಗಂಟ್ಲು ಕಿತ್ತ್ ಬತ್ತಾ ಐತೆ ಕಣ್ರೀ. ಇವತ್ತಿಗೆ ಸಾಕು. ಬೆಳಗಿಂದ ಮೂರ್ ಸಲ ಯೋಳ್ದೆ."

ಆಮೇಲೆ ನನ್ನ ದನಿ: "ಇನ್ನೊಂದ್ ಸಲ ಹಾಡ್ಬುಡು, ಆಮೇಲ್ ನೋಡುವಾ."

ನೀನು ಮತ್ತೆ ಹಾಡಿದೆ. ಮೈದಾನದಲ್ಲಿ ಯಾರೂ ನಗಲಿಲ್ಲ.

ಆ ಮಾತು ಆಡಿದ ನೆನಪೇ ನನಗಿಲ್ಲ. ಪೋಸ್ಟರಿನಲ್ಲಿ ನನ್ನ ಹೆಸರು ದೊಡ್ಡದಾಯಿತು ಅಂತ ಮುನಿಸಿಕೊಂಡು ಹೋದಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನಾನೂ ಅದನ್ನೇ ನಂಬಿದ್ದೆ.

ಯಶೋದಮ್ಮ ಅಂತ ಒಬ್ಬ ಅಜ್ಜಿ ವೇದಿಕೆ ಹತ್ತಿರಕ್ಕೇ ಬಂದು, "ಆ ಮಗ ಯಾರ್ಲಾ? ಗಂಟ್ಲು ವಾಸಿಯಾಯ್ತಾ?" ಅಂದರು. ನನ್ನ ಎಡ್ತಿ ಕಣವ್ವ, ಗೊತ್ತಿಲ್ಲ ಅಂದೆ. "ಎಡ್ತಿ ಗಂಟ್ಲು ನಿಂಗೇ ಗೊತ್ತಿಲ್ವೇನ್ಲಾ?" ಅಂದರು. ಮೈಕ್ ಹಿಡಿದು ಎಲ್ಲರ ಎದುರಿಗೆ ನಡೆದದ್ದನ್ನು ಒಪ್ಪಿಕೊಂಡೆ. ಕೆಲವರು ಬೈದು ಎದ್ದು ಹೋದರು. ಕಾರ್ಯಕ್ರಮ ಇಟ್ಟುಕೊಂಡಿದ್ದ ಪುಟ್ಟಮಲ್ಲಪ್ಪನವರು, ಆ ಹುಡುಗಿ ಮೈಕ್ ಆನ್ ಮಾಡಿ, ಬಂದಷ್ಟು ಹಾಡಲಿ ಎಂದರು. ರೂಪಶ್ರೀ ಹಾಡಿದಳು. ಮೇಲಿನ ಸ್ವರದಲ್ಲಿ ದನಿ ಒಡೆಯಿತು, ಆದರೂ ಉಳಿದವರು ಕೂತು ಕೇಳಿದರು. ಇನ್ನು ಮೇಲೆ ಎಲ್ಲ ಕಡೆಯೂ ಅವಳ ದನಿಯೇ.

ಮನೆಗೆ ಬಂದು ಮಿಕ್ಕ ರೆಕಾರ್ಡುಗಳನ್ನೂ ಕೇಳಿದೆ. ಇನ್ನೂ ನಾಲ್ಕರಲ್ಲಿ ನೀನು ಅದೇ ಮಾತು ಹೇಳಿದ್ದೀಯ. ಎಲ್ಲವನ್ನೂ ಅಳಿಸಿಹಾಕಿದೆ.

ಈಗ ತಲೆತುಂಬ ಪ್ರಶ್ನೆಗಳು. ನೋವು ಶುರುವಾದದ್ದು ಯಾವಾಗ? ಯಾರಿಗೆ ತೋರಿಸಿದೆ? ಬಿಸಿನೀರು ಕುಡಿದರೂ ಉರಿಯುತ್ತದೆಯೇ? ಅಲ್ಲಿಗೆ ಹೋದ ಮೇಲೆ ಒಮ್ಮೆಯಾದರೂ ಹಾಡಿಕೊಂಡೆಯಾ? ಮನೆ ಬಿಟ್ಟ ದಿನ ನೀನು ಒಂದೇ ಒಂದು ಮಾತಾಡಲಿಲ್ಲ. ಅದು ಸಿಟ್ಟೋ, ದನಿಯೇ ಬರಲಿಲ್ಲವೋ?

ಕಾಯುವ ಹಕ್ಕಿಲ್ಲದಿದ್ದರೂ ಕಾಯುತ್ತಿರುವ,
ಕನಕರಾಜು

ತಾ.ಕ.: ಶುಕ್ರವಾರ ಆರತಕ್ಷತೆಯ ಮಾತಿಗೆಂದು ಕೆ.ಆರ್. ನಗರಕ್ಕೆ ಬಂದಿದ್ದೆ. ಸೊಪ್ಪಿನವಳ ಮುಂದೆ ನಿನ್ನನ್ನು ಕಂಡೆ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದೆ. ಅವಳೇನೋ ಕೇಳಿದಳು, ನೀನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಓದಿ ನಕ್ಕಳು, ನೀನೂ ನಕ್ಕೆ. ನಿನ್ನ ನಗುವಿಗೆ ಸದ್ದಿರಲಿಲ್ಲ. ಹತ್ತಿರ ಬರುವ ಧೈರ್ಯವಾಗಲಿಲ್ಲ. ನೀನೂ ಬರೆದೇ ಉತ್ತರ ಕೊಡಬಹುದಲ್ಲ ಅಂತ ಫೋನ್ ಮಾಡದೆ ಕಾಗದ ಬರೆದೆ.