ಒಂದೇ ಚುಕ್ಕಿಯ ಚಿಟ್ಟೆ

ಸೊಕ್ಕೆ
೧೨ ನವೆಂಬರ್ ೨೦೨೪

ಪ್ರೀತಿಯ ಹೇಮಾ,

ಹೇಗಿದ್ದೀಯಮ್ಮ? ಕೋಲಾರದಲ್ಲಿ ಚಳಿ ಶುರುವಾಗಿರಬೇಕು. ಆಸ್ಪತ್ರೆಯಿಂದ ದಣಿದು ಬಂದವಳು ಉಣ್ಣದೆ ಮಲಗಬೇಡ. ಫೋನಿನಲ್ಲಿ ಮಾತಾಡುವಾಗ ನಿನ್ನ ಮಗಳು ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಅವಳು ಹೆದರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ರಕ್ಷಾಳಿಗೆ ಶಾಲೆಯಲ್ಲಿ ಎರಡು ಚಿಟ್ಟೆಗಳನ್ನು ಹೋಲಿಸಿ ಚಿತ್ರ ಬರೆದು ತರಲು ಹೇಳಿದ್ದರು. ಬದುವಿನ ಎಕ್ಕದ ಗಿಡದಲ್ಲಿ ಬೆಳೆಯುವ ಕೇಸರಿ ಚಿಟ್ಟೆ ಒಂದು. ವಿಷವೆಂದು ಹಕ್ಕಿಗಳು ಅದನ್ನು ಮುಟ್ಟುವುದಿಲ್ಲವಂತೆ. ಇನ್ನೊಂದರ ಹೆಣ್ಣು, ತಾನೂ ಬದುಕಿಕೊಳ್ಳಲು, ಥೇಟ್ ಅದರದ್ದೇ ಬಣ್ಣ ಹೊತ್ತಿರುತ್ತದೆ. ಹಿಂದಿನ ರೆಕ್ಕೆ ನೋಡಿದರೆ ಮಾತ್ರ ಗುರುತು ಸಿಗುತ್ತದೆ: ಮೊದಲನೆಯದಕ್ಕೆ ಮೂರು ನಾಲ್ಕು ಕಪ್ಪು ಚುಕ್ಕಿ, ವೇಷದವಳಿಗೆ ಎದ್ದು ಕಾಣುವುದು ಒಂದೇ. ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಅವಳೇ ನನಗೆ ಒಪ್ಪಿಸಿ, ಹೊಲಕ್ಕೆ ಎಳೆದುಕೊಂಡು ಹೋದಳು. ಗೋಣಿಸೊಪ್ಪಿನ ಮೇಲೆ ಅಂಥದೇ ಕೇಸರಿ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕೂತಿತ್ತು. ಕನ್ನಡಕದ ನನ್ನ ಮುದಿಗಣ್ಣಿಗೂ ಒಂದೇ ಚುಕ್ಕಿ ಸ್ಪಷ್ಟವಾಗಿ ಕಂಡಿತು. ರಕ್ಷಾ ಮಾತ್ರ "ಇದಕ್ಕೂ ಮೂರು ಐತಲ್ಲ ಅಜ್ಜಿ" ಎಂದಳು. ತಮಾಷೆ ಎಂದುಕೊಂಡೆ. ಮನೆಗೆ ಬಂದು ಹಾಗೆಯೇ ಬರೆದಳು, ಒಂದರ ಮೈಮೇಲೆ ಒಂದು ಚುಕ್ಕಿ, ನೆರಳಿನ ಹಾಗೆ. ನನ್ನ ಹಣೆಬೊಟ್ಟು ತೆಗೆದು ಗೋಡೆಗೆ ಅಂಟಿಸಿ, ಒಂದು ಕಣ್ಣು ಮುಚ್ಚಿಸಿ ಎಷ್ಟೆಂದು ಕೇಳಿದೆ. "ಎರಡು" ಅಂದಳು.

ಮಾರನೇ ದಿನವೇ ದಾವಣಗೆರೆಯ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣಿನ ಮುಂದಿನ ಪರದೆ ತೆಳುವಾಗಿ ಉಬ್ಬುತ್ತಿದೆಯಂತೆ, ಅದಕ್ಕೇ ಒಂದು ಹಲವಾಗಿ ಕಾಣುವುದು. ಬೇಗ ಗೊತ್ತಾಯಿತು, ಬೆಳಕು ಹಾಯಿಸಿ ಉಬ್ಬುವುದನ್ನು ಅಲ್ಲಿಗೇ ನಿಲ್ಲಿಸಬಹುದು ಎಂದರು. ಬರುವ ವಾರ ಬರಹೇಳಿದ್ದಾರೆ, ನೀನು ಜೊತೆಗಿರಬೇಕು. ಬಸ್ಸಿನಲ್ಲಿ ಬರುವಾಗ ನಿನ್ನ ಮಗಳ ಚಿಂತೆಯೇ ಬೇರೆ: "ನಾ ಕಂಡಂಗೆ ಬರ್ದೀನಿ, ಮೇಷ್ಟ್ರು ತಪ್ಪು ಹಾಕ್ತಾರಾ?" ತಲೆ ಸವರಿದೆ. ಧೈರ್ಯ ಹೇಳುವ ನನಗೇ ನಿದ್ದೆ ಹತ್ತುತ್ತಿಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಶಿವಗಂಗಮ್ಮ

ಮರೆತ ಮಾತು: "ಮನೇಲಿ ಇನ್ಯಾರಿಗಾದ್ರೂ ಹಿಂಗೆ ಐತಾ?" ಎಂದು ಡಾಕ್ಟರು ಕೇಳಿದ್ದರು. ಇಲ್ಲವೆಂದು ಬಂದೆ. ಆಮೇಲೆ ನೆನಪಾಯಿತು. ದೀಪಾವಳಿಗೆ ಬಂದಾಗ ಹಣತೆಯ ಕುಡಿ ಎರಡೆರಡು ಕಾಣ್ತಾವೆ ಅಂದು ನೀನೇ ನಕ್ಕಿದ್ದೆ, ನಿದ್ದೆಗೆಟ್ಟು ಹಿಂಗಾಗೈತೆ ಬಿಡವ್ವ ಅಂದಿದ್ದೆ. ಬರೀ ನಿದ್ದೆಗೇಡೇ ಇದ್ದರೂ ಇರಬಹುದು. ಆದರೆ ಸಿರಿಂಜಿನ ಗೆರೆ ನೋಡಿ ಔಷಧಿ ಎಳೆಯುವವಳು ನೀನು. ಪತ್ರ ಮುಟ್ಟಿದ ದಿನವೇ ಕಣ್ಣು ತೋರಿಸು. ತೋರಿಸುವ ತನಕ ಯಾರಿಗೂ ಸೂಜಿ ಚುಚ್ಚಬೇಡ, ಮಗಳೇ.